ಒತಿಲಿಯಾ ಅತ್ತೆಯ ಬ್ರೇಕು

ವಾಲ್ಪರೈಸೊದಲ್ಲಿ ಸಪಾಟು ಬೀದಿ ಎಂಬುದು
ಕಡಲ ದಂಡೆಯವರ ಸೊತ್ತು.
ನಮ್ಮದು ಗುಡ್ಡ. ತಗಡಿನ ಮನೆಗಳು
ಒಂದರ ಹೆಗಲ ಮೇಲೊಂದು ಕಾಲಿಟ್ಟು ನಿಂತ ಗುಡ್ಡ.
ಬೆಳಗಿನ ಆರಕ್ಕೆ ಅಲ್ಲಿಂದ
ಬ್ರೆಡ್ಡಿನ ವ್ಯಾನು ಇಳಿಸುವ ಅತ್ತೆ
ತಿರುವಿಗೊಂದು ಸಲ
ಕೀಂ... ಎನ್ನಿಸುತ್ತಿದ್ದಳು.

ಮೊದಮೊದಲು ಮಂಜಿನ ಮೇಲೆ ಹಾಕಿದಳು.
ರಾತ್ರಿಯಿಡೀ ಕಡಲು ಉಸಿರುಬಿಟ್ಟರೆ
ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ,
ನಾಲ್ಕು ಸಲ ತುಳಿದರೆ ಉದುರಿಹೋಗುತ್ತದೆ.
ನಾಲ್ಕು ಸಲ ತುಳಿದಳು. ನಲವತ್ತು ಸಲ.
ಶಬ್ದ ಉದುರಲಿಲ್ಲ.

ಒಂದು ಭಾನುವಾರ ನನ್ನನ್ನು ವ್ಯಾನಿನ ಪಕ್ಕ ಓಡಿಸಿದಳು.
ಕಿಟಕಿ ಇಳಿಸಿ, ನಡಿಗೆಯ ವೇಗದಲ್ಲಿ ತಾನು,
ಗೋಡೆಯ ಬದಿಗೆ ಬರೀ ಕಿವಿಯಾಗಿ ನಾನು.
"ಮೆಲ್ಲಗೆ ಒತ್ತಿದಾಗಲೋ, ಜೋರಾಗಿ ಒತ್ತಿದಾಗಲೋ?"
ಮೆಲ್ಲಗೆ ಒತ್ತಿದಾಗ.
"ಮುಂದೋ, ಹಿಂದೋ?"
ಮುಂದೆ.
"ನಿನ್ನ ಕಡೆಯೋ, ನನ್ನ ಕಡೆಯೋ?"
ನನ್ನ ಕಡೆ, ನನ್ನ ಕಡೆ, ಎಂದು ಕೂಗಿದೆ
ಬಹುಮಾನ ಗೆದ್ದವಳ ಹಾಗೆ.

ಜಾಕು ಇಡಲು ಸಪಾಟು ಬೇಕಲ್ಲ.
ಇಡೀ ಗುಡ್ಡಕ್ಕೆ ಇದ್ದದ್ದೊಂದೇ, ಹುಡುಗರ ಚೆಂಡಿನಂಗಳ.
ಅರ್ಧ ಮೈದಾನಕ್ಕೆ ಹನ್ನೆರಡು ಬ್ರೆಡ್ಡು ಬಾಡಿಗೆ
ಎಂದ ಗೋಲ್‌ಕೀಪರ್ ಅಬ್ದೋನ್.
ಆರಕ್ಕೆ ಇಳಿದ.

ಹಿಂದಿನ ಚಕ್ರಗಳಿಗೆ ಕಲ್ಲು. ಜಾಕಿನ ಪಕ್ಕ ಸ್ಟ್ಯಾಂಡು.
"ಬರೀ ಜಾಕನ್ನು ನಂಬಿ ಕೆಳಗೆ ತಲೆ ತೂರಿಸಿದವನು
ನನ್ನ ಗಂಡನ ಅಣ್ಣ," ಎಂದಳು.
ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಚಕ್ರ ಬಿಚ್ಚಿ, ಎರಡು ಬೋಲ್ಟು ಬಿಚ್ಚಿ
ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿದಳು.
ಹೋಸಿಗೆ ಜೋತುಬಿಡಬಾರದಂತೆ:
"ಮಗುವನ್ನು ಒಂದೇ ಕೈ ಹಿಡಿದು ಎತ್ತುತ್ತಾರೇನೆ?"

ಹೊರಗಿನ ಪ್ಯಾಡು ಇನ್ನೂ ಕಿರುಬೆರಳ ದಪ್ಪ.
ಒಳಗಿನದು ಉಗುರಿನಷ್ಟು.
ಅದರ ತುದಿಯಲ್ಲೊಂದು ಬಾಗಿದ ತಗಡಿನ ನಾಲಿಗೆ,
ಡಿಸ್ಕಿಗೆ ಉಜ್ಜಿ ಉಜ್ಜಿ ಬೆಳ್ಳಿಯಾಗಿತ್ತು.
"ಇವಳೇ ಕೂಗಿದವಳು," ಎಂದಳು ಅತ್ತೆ,
"ಕೂಗಲೆಂದೇ ಇಟ್ಟಿರೋದು ಇವಳನ್ನ.
ತಪ್ಪು ಇವಳದಲ್ಲ."

ತಪ್ಪು ಒಂದು ಪಿನ್ನಿನದು.
ರಬ್ಬರು ಹರಿದು, ಉಪ್ಪುಗಾಳಿ ಹೊಕ್ಕು
ಜಾರುವುದನ್ನೇ ಮರೆತ ಪಿನ್ನು.
ಅವನು ಅಲ್ಲಾಡದೆ ಕೂತ,
ಭಾರವೆಲ್ಲ ಒಳಗಿನವಳ ಮೇಲೆ ಬಿತ್ತು.

ಪಿನ್ನನ್ನು ತಿಕ್ಕಿ ತಿಕ್ಕಿ ಬೆಳಗಿಸಿ, ಹೊಸ ರಬ್ಬರು ತೊಡಿಸಿ
ಹೊಸ ಪ್ಯಾಡುಗಳನ್ನು ಬಿಚ್ಚಿದಳು,
ಒಂದು ವಾರದ ಲಾಭ ಆ ಡಬ್ಬಿಯಲ್ಲಿ.
ನನ್ನ ಬೆರಳಿಗೆ ಸಾಸಿವೆಯಷ್ಟು ಗ್ರೀಸು ಕೊಟ್ಟು
"ಬೆನ್ನಿಗೆ ಹಚ್ಚು, ಕಿವಿಗೆ ಹಚ್ಚು,
ಮುಖಕ್ಕೆ ಸೋಕಿಸಿದೆಯೋ, ಕೈ ಮುರೀತೀನಿ."
ಎಡಗಡೆಯ ಚಕ್ರಕ್ಕೂ ಅದೇ ಉಪಚಾರ,
ಅದು ಕೂಗಿರದಿದ್ದರೂ.

ಮೊದಲ ತುಳಿತಕ್ಕೆ ಪೆಡಲು ನೆಲ ಮುಟ್ಟಿತು.
ನನ್ನ ಎದೆ ಧಸಕ್ಕೆಂದಿತು.
ಎರಡನೆಯದಕ್ಕೆ ಅರ್ಧ.
ಐದನೆಯದಕ್ಕೆ ಕಲ್ಲು.

ಸೋಮವಾರ ವ್ಯಾನು ಬೆಕ್ಕಿನ ಹಾಗೆ ಇಳಿಯಿತು.
ಮೊದಲ ತಿರುವು. ಯಾವ ಕದವೂ ತೆರೆಯಲಿಲ್ಲ.
ಎರಡನೆಯದು. ಚೀಲ ಹಿಡಿದು ಹೊಸ್ತಿಲಲ್ಲಿ
ದೊನ್ಯಾ ರೋಸೆಂದಾ ಇರಬೇಕಿತ್ತು.
ಅವಳ ನಾಯಿಯೂ ತಲೆ ಎತ್ತಲಿಲ್ಲ.
ಏಳೂವರೆಗೆ ಬುಟ್ಟಿಯಲ್ಲಿ ಅರವತ್ತು ಬ್ರೆಡ್ಡು,
ತಣ್ಣಗೆ.

ಸಂಜೆ ರೋಸೆಂದಾ ಜಗಳಕ್ಕೇ ಬಂದಳು:
"ನಿನ್ನ ಕಿರುಚಾಟಕ್ಕೇ ಏಳ್ತಿದ್ದೆ ಕಣೇ!
ಮಗನಿಗೆ ಶಾಲೆ ತಪ್ಪಿತು, ನನಗೆ ಬಸ್ಸು ತಪ್ಪಿತು."
ಹಾರ್ನು ಸತ್ತು ವರ್ಷವಾಗಿತ್ತು.
ಅದರ ಕೆಲಸವನ್ನು ಬ್ರೇಕು ಮಾಡುತ್ತಿದ್ದದ್ದು
ಅತ್ತೆಗೂ ಅವತ್ತೇ ತಿಳಿದದ್ದು.

ಮಂಗಳವಾರ, ಉಳಿದ ತಂತಿಯಲ್ಲಿ
ಕಿಟಕಿಯ ಹೊರಗೆ ತೂಗಿಬಿಟ್ಟಳು
ಅದೇ ಹಳೆಯ, ಒಳಗಿನ ಪ್ಯಾಡು.
ಪಕ್ಕದಲ್ಲಿ ನಾನು, ಹದಿನಾಲ್ಕರ ಸ್ಪ್ಯಾನರು ಹಿಡಿದು.
ತಿರುವು ಬಂತು.
ಟಣ್.
ನಾಯಿ ಬೊಗಳಿತು. ಕದ ಕಿರ್ರೆಂದಿತು.
ರೋಸೆಂದಾ ಇನ್ನೂ ನೈಟಿಯಲ್ಲೇ:
"ಮೊದಲಿನದೇ ಚೆನ್ನಾಗಿತ್ತು."
ಎಂಟು ಬ್ರೆಡ್ಡು ಕೊಂಡಳು.

ಅಬ್ದೋನ್ ಮಾತ್ರ ಸಂಜೆ ಹುಡುಕಿಕೊಂಡು ಬಂದ.
ಪೆನಾಲ್ಟಿ ಚುಕ್ಕಿಯ ಮೇಲೇ ಗ್ರೀಸಿನ ಕಲೆಯಂತೆ,
ಚೆಂಡು ಜಾರುತ್ತದಂತೆ,
ಇನ್ನೆರಡು ಬ್ರೆಡ್ಡು ಬೇಕಂತೆ.
ಅತ್ತೆ ಒಂದು ಕೊಟ್ಟಳು.