ಕಣದ ಮೇಲೆ ಜೀರಿಗೆ

ಬಿಳಿ ಮೈತುಂಬ ಕಂದು ಚುಕ್ಕೆ, ಅದಕ್ಕೇ ಜೀರಿಗೆ.
ಮೈಸೂರಿನ ರೇಸಿನಲ್ಲಿ ಬೇರೆ ಹೆಸರಿತ್ತಂತೆ,
ಇಂಗ್ಲಿಷಿನದು, ಉದ್ದದ್ದು, ಒಮ್ಮೆಯೂ ಗೆಲ್ಲದ್ದು.
ಅಮ್ಮತ್ತಿಗೆ ಬಂದಾಗ ಅವಳಿಗೆ ಒಂಬತ್ತು,
ಈಗ ಇಪ್ಪತ್ತಮೂರು.

ಈ ಜನವರಿ, ಬೆಳಿಗ್ಗೆ ಲಾಯದಿಂದ ಹೊರಡುವಾಗ
ಮರಗಾಲು ಕಟ್ಟಿಕೊಂಡವಳ ಹಾಗೆ ಬರುತ್ತಿದ್ದಳು:
ಗೇಣುದ್ದದ ಹೆಜ್ಜೆ, ಬಗ್ಗದ ಮಂಡಿ,
ತಿರುವಿನಲ್ಲಿ ಲಾರಿಯಂತೆ ಇಡೀ ಮೈ ತಿರುಗಿಸಿಕೊಂಡು.
ಪಂಪ್‌ಹೌಸಿಗೆ ಹೋಗಿ ಬರುವಷ್ಟರಲ್ಲಿ
ಕೀಲಿಗೆ ಎಣ್ಣೆ ಇಳಿದಂತೆ ಸಡಿಲ.
ವಯಸ್ಸಾಯಿತು, ಅಂದೆ.
ನನ್ನ ಮಂಡಿಯೂ ಹಾಗೇ, ಅಂದೆ.
ಹಾಗೆ ಅನ್ನುತ್ತಲೇ ಹನ್ನೆರಡು ದಿನ.

ಹದಿಮೂರನೆಯ ದಿನ ಪಂಪ್‌ಹೌಸಿನಿಂದ ಮರಳಿದರೂ
ಏನೋ ಸಡಿಲವಾಗಲಿಲ್ಲ.
ಆಲಿಕುಟ್ಟಿಗೆ ಹೇಳಿ ಕಳಿಸಿದೆ.

ಸಿದ್ದಾಪುರದಿಂದ ಬಸ್ಸಿನಲ್ಲಿ ಬಂದರು,
ಚೀಲದಲ್ಲಿ ಗೊರಸು ಕೆತ್ತುವ ಕತ್ತಿ.
ಮೂವತ್ತು ವರ್ಷ ರೇಸಿನ ಲಾಯಗಳಲ್ಲಿ ಮಲಗಿ ಎದ್ದವರು.
ಕುದುರೆಯ ಹತ್ತಿರ ಹೋಗಲಿಲ್ಲ, ಕಣ ನೋಡಿದರು.
"ಕಾಫಿ ಸರಿಸಿ. ಒಂದು ಪಟ್ಟಿಯಷ್ಟು ಸಿಮೆಂಟು ಕಾಣಲಿ.
ಹುಲ್ಲು ಸುಳ್ಳು ಹೇಳುತ್ತದೆ."

ರೊಬಸ್ಟಾ ಅರ್ಧ ಒಣಗಿತ್ತು.
ಗೊಣಗಿಕೊಂಡೇ ಕರ್ಪಿ ಗೋರುಮಣೆ ಎಳೆದು ಹಾದಿ ಬಿಡಿಸಿದಳು.
ಹಗ್ಗ ಸಡಿಲ ಹಿಡಿದು ಅವಳ ಮಗ ಓಡಿದ,
ಪಕ್ಕದಲ್ಲಿ ಜೀರಿಗೆ, ಕುಕ್ಕುಲೋಟ.

"ಕಣ್ಣು ಮುಚ್ಚಿ. ಮೊದಲು ಕಿವಿ."
ಟಕ್ ಟಕ್ ಟಕ್ ಟಕ್ ಅಲ್ಲ.
ಟಕ್, ತಾ. ಟಕ್, ತಾ.
ಒಂದು ಗೊರಸು ಪೂರ್ತಿ ಮಾತಾಡಿದರೆ
ಇನ್ನೊಂದು ಅರ್ಧ ನುಂಗುತ್ತಿತ್ತು.

"ಈಗ ಬಿಡಿ. ಕಾಲು ಬೇಡ, ತಲೆ ನೋಡಿ."
ಮಾತು ಕೇಳಿಸದಿದ್ದರೂ ಹೂಂಗುಟ್ಟುವ ಬೀಗರಂತೆ
ತಲೆ ಏಳುತ್ತಿತ್ತು, ಬೀಳುತ್ತಿತ್ತು.
ಬಿದ್ದಾಗ ನೆಲದಲ್ಲಿದ್ದದ್ದು ಬಲಗಾಲು.
ಬಲ! ಅಂದೆ, ಪರೀಕ್ಷೆ ಪಾಸಾದವಳಂತೆ.

ನಕ್ಕರು.
"ಅದು ಗಟ್ಟಿ ಕಾಲು. ನಂಬಿ ಭಾರವೆಲ್ಲ ಅದಕ್ಕೆ ಹಾಕುತ್ತಾಳೆ.
ಕೆಂಡ ತುಳಿದವನ ತಲೆ ಎತ್ತ ಹೋಗುತ್ತದೆ?
ಮೇಲಕ್ಕೆ ತಾನೆ?
ತಲೆ ಎದ್ದಾಗ ನೆಲದಲ್ಲಿ ಯಾವ ಕಾಲು?"

ಎಡ.

ಮತ್ತೆ ಹೋದ, ಮತ್ತೆ ಬಂದ ಹುಡುಗ.
ಎಡ, ಎಡ, ಎಡ.

ಗೊರಸಿನ ಮೇಲಿನ ಕುಳಿಯಲ್ಲಿ ನನ್ನ ಎರಡು ಬೆರಳು ಹಿಡಿದಿಟ್ಟರು.
ಬಲಗಾಲಲ್ಲಿ ನಾಡಿ ಹುಡುಕಬೇಕು.
ಎಡಗಾಲಲ್ಲಿ ಅದೇ ಬೆರಳನ್ನು ಹುಡುಕಿಕೊಂಡು ಬಂತು,
ದುಡಿ ಬಡಿದಂತೆ.
ಗೊರಸು, ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆ.

"ಪೆಡಸು ಇರಲಿಲ್ಲ ಅಂತಲ್ಲಮ್ಮ. ಇತ್ತು, ಇದೆ.
ಅದರ ಹಿಂದೆ ಇದು ಅಡಗಿ ಕೂತಿತ್ತು,
ಜುಲೈ ಮಳೆಯಲ್ಲಿ ನಲ್ಲಿ ಸೋರುವುದು ಕೇಳಿಸುತ್ತದೆಯೇ?"

ಕತ್ತಿಯ ತುದಿ ಒಂದು ಕಪ್ಪು ಚುಕ್ಕೆಯ ಜಾಡು ಹಿಡಿದು
ಒಳಕ್ಕೆ, ಇನ್ನೂ ಒಳಕ್ಕೆ.
ಬೂದುಬಣ್ಣದ ಕೀವು ಚಿಮ್ಮಿತು.
ಕರ್ಪಿ ಮೂಗು ಮುಚ್ಚಿಕೊಂಡಳು.
ಜೀರಿಗೆ ತುಟಿ ಸವರಿಕೊಂಡಳು, ಉದ್ದಕ್ಕೆ ಉಸಿರು ಬಿಟ್ಟಳು.
ಹನ್ನೆರಡು ದಿನ ನಾನು ಸಾಲ ಇಟ್ಟ ಉಸಿರು.

ಬಿಸಿನೀರು, ಉಪ್ಪು, ಬಕೆಟ್ಟಿನಲ್ಲಿ ಕಾಲು.
ಆಲಿಕುಟ್ಟಿ ಬಸ್ಸಿನ ಹಣ ಮಾತ್ರ ತೆಗೆದುಕೊಂಡರು.
ಕಣ ದಾಟಿದರೆ ಗೇಟು ಹತ್ತಿರ.
ಅವರು ಹುಲ್ಲಿನ ಅಂಚು ಹಿಡಿದು ಸುತ್ತಿ ಹೋದರು.
ನಾನು ಅವರ ಟೋಪಿಯನ್ನೇ ನೋಡುತ್ತಿದ್ದೆ.

ನಾಲ್ಕನೆಯ ಬೆಳಿಗ್ಗೆ ಹಾಸಿಗೆಯಲ್ಲೇ ಕಿವಿಗೊಟ್ಟೆ:
ಟಕ್ ಟಕ್ ಟಕ್ ಟಕ್.
ಮುದಿ, ನಿಧಾನ, ಬಗ್ಗದ ಮಂಡಿ.
ಸಮ.

ಸಿದ್ದಾಪುರಕ್ಕೆ ಫೋನು ಮಾಡಿದೆ.
"ಕುದುರೆ ಹೇಗಿದೆ?"
ಚೆನ್ನಾಗಿದ್ದಾಳೆ. ನಿಮ್ಮ ಕಾಲು?
"ವಯಸ್ಸಾಯಿತಲ್ಲಮ್ಮ."
ಎಷ್ಟು ದಿನದಿಂದ ಹಾಗೆ ಅನ್ನುತ್ತಿದ್ದೀರಿ, ಕೇಳಿದೆ.

ಆ ಕಡೆ ಯಾವುದೋ ಬಸ್ಸಿನ ಹಾರ್ನು.
"ಉಪ್ಪುನೀರು ಇನ್ನೂ ಮೂರು ದಿನ,"
ಅಂದರು, "ಮರೆಯಬೇಡಿ."