ಹತ್ತಿಯ ಸೀಸೆಗಳು

ಫ್ರೀಜರಿನಲ್ಲಿ ಕಾಡ್ ಮೀನಿನ ಪಕ್ಕ
ಸಣ್ಣ ಸೀಸೆಗಳು, ನನ್ನ ಬೆವರು ಹೀರಿದ ಹತ್ತಿ.
ಐಲಿಫ್ ಚೀಟಿ ಅಂಟಿಸಿದ್ದಾನೆ:
ಜನವರಿ ಹದಿನಾಲ್ಕು, ಎರಡು ಪಾಯಿಂಟ್ ಆರು.
ಅಂದು ಬಲೆ ಹೆಣೆಯುತ್ತ ಕೂತಲ್ಲೇ
ಅವನ ಹೆಸರು ಮರೆತಿದ್ದೆ.

ರಾಸ್ಕನಿಗೆ ಆಗ ಏಳು ತಿಂಗಳು.
ಐದು ಡಬ್ಬಿ ಸಾಲಾಗಿ ಇಟ್ಟರೆ
ಮೂಗು ಒಂದರ ಮೇಲೆ ನಿಲ್ಲುತ್ತಿತ್ತು,
ಬಾಲ ಅದಕ್ಕೂ ಮೊದಲೇ ಗುಟ್ಟು ಬಿಟ್ಟುಕೊಡುತ್ತಿತ್ತು.
ಬಹುಮಾನ ಒಂದು ಚೂರು ಒಣಮೀನು.
ಹೀಗೆ ನನ್ನ ಕೆಟ್ಟ ಗಳಿಗೆಗಳೆಲ್ಲ
ಅವನ ಪಾಲಿಗೆ ಹಬ್ಬದಡಿಗೆಯ ವಾಸನೆ.

ನಿಜ ಹೇಳಬೇಕೆಂದರೆ, ನನಗದು ಸೇರಲಿಲ್ಲ.
ನಾನು ಕುಸಿಯುವಾಗ ಕುಣಿಯುವ ಪ್ರಾಣಿ!

ವಾರ್ಡೊದಲ್ಲಿ ಎರಡು ತಿಂಗಳು ಸೂರ್ಯ ಬರುವುದಿಲ್ಲ.
ಅಂಥದೊಂದು ಬೆಳಗ್ಗೆ
(ಬೆಳಗಾಯಿತೆಂದದ್ದು ಗಡಿಯಾರ ಮಾತ್ರ)
ಮೊಣಕಾಲಿಗೆ ಪಂಜ. ಮತ್ತೆ ಪಂಜ.
ಬೆರಳು ಚುಚ್ಚಿ ನೋಡಿದೆ: ನಾಲ್ಕು ಪಾಯಿಂಟ್ ಒಂಬತ್ತು.
"ಸುಳ್ಳ, ಮೀನುಗಳ್ಳ" ಎಂದು ಬೈದೆ.
ಹೋಗಲಿಲ್ಲ. ನೂಲಿನುಂಡೆ ಕಚ್ಚಿಕೊಂಡು
ಬಾಗಿಲಿಗೆ ಅಡ್ಡ ಮಲಗಿದ.

ಇಪ್ಪತ್ತು ನಿಮಿಷಕ್ಕೆ
ನಲವತ್ತು ವರ್ಷ ಕೈಗೆ ಗೊತ್ತಿದ್ದ ಗಂಟು
ಹೇಗೆ ಹಾಕುವುದೆಂದೇ ತಿಳಿಯದಾಯಿತು.
ಮೀಟರಿನಲ್ಲಿ ಮೂರು.

ಜ್ಯೂಸ್ ಕುಡಿದು ನೆಲದಲ್ಲೇ ಕೂತೆ.
ಎದುರಿಗೆ ಅವನು,
ಸಾಲ ವಸೂಲಿಗೆ ಬಂದವನ ಹಾಗೆ, ನಾಚಿಕೆಯಿಲ್ಲದೆ.
ಎರಡು ಚೂರು ಕೊಟ್ಟೆ:
ಒಂದು ಮೂಗಿಗೆ, ಒಂದು ನನ್ನ ಬೈಗುಳಕ್ಕೆ.

ಸಂಜೆ ದೋಣಿಯಿಂದ ಬಂದ ಐಲಿಫ್ ಕೇಳಿದ,
"ಇವತ್ತಿನ ಹತ್ತಿ ಎಲ್ಲಿ?"
ಮರೆತಿದ್ದೆ.
ನಾಯಿ ನನ್ನ ಅಂಗೈಯನ್ನು ಆಗಲೇ
ಪೂರ್ತಿ ನೆಕ್ಕಿ ಮುಗಿಸಿತ್ತು.