ಬಿ ಬದಿಯ ಹನ್ನೊಂದು ನಿಮಿಷ

ಹೆಸರು ಓದಲು ಬಾರದ ಬ್ಯಾಂಡುಗಳಿಗೆ
ನಾವೇ ಹೆಸರಿಟ್ಟೆವು, ತೊಟ್ಟಿಲಿಗೆ ಹಾಕಿದ ಹಾಗೆ,
ಹೊದಿಕೆಯ ಚಿತ್ರ ನೋಡಿ: ಇದು ‘ಉಲ್ಟಾ ಕುರ್ಚಿ’,
ಇದು ‘ಮೀನು ನುಂಗಿದ ಪಾದ್ರಿ’,
ಇದು, ಎಲ್ಲಕ್ಕಿಂತ ಮೇಲಿನದು, ‘ಹಳದಿ ದೀಪಸ್ತಂಭ’.
ಒಂದೇ ಒಂದು ರೆಕಾರ್ಡು ಮಾಡಿ, ಅದೂ ಮಾರಾಟವಾಗದೆ
ಚದುರಿಹೋದ ಜನ. ಯಾವ ಊರಿನವರೋ.
ಡ್ರಮ್ಮಿನವ ಆಮೇಲೆ ಅಂಚೆ ಹಂಚುತ್ತಿದ್ದನಂತೆ,
ಆರ್ಗನ್ನಿನವ ಹಲ್ಲಿನ ಡಾಕ್ಟರಾದನಂತೆ.
ಇದೂ ನಾವೇ ಹೊಸೆದದ್ದು.

ತಂದವನು ರಘುವೀರ ತಾಂಡೇಲ,
ಹಡಗಿನ ಎಂಜಿನ್ನಿಗೆ ಎಣ್ಣೆ ಬಿಡುವವ.
ಯಾವುದೋ ಬಂದರಿನಲ್ಲಿ ರದ್ದಿಯ ತೂಕಕ್ಕೆ ಹಾಕಿದ್ದನ್ನು
ಲುಂಗಿಯಲ್ಲಿ ಸುತ್ತಿ, ಅರ್ಧ ಭೂಮಿ ದಾಟಿಸಿ
ಕೋಡಿಬಾಗದ ಮಿಂಗೆಲನಿಗೆ ಕೊಟ್ಟ.
ಮಿಂಗೆಲನ ಅಂಗಡಿ ಎಂದರೆ ಎಂಟಡಿ ಕೋಣೆ:
ಒಂದು ಟರ್ನ್‌ಟೇಬಲ್, ಎರಡು ಡೆಕ್ಕು, ಒಬ್ಬ ಯೇಸು,
ಅರವತ್ತರ ಕ್ಯಾಸೆಟ್ಟಿಗೆ ಹದಿನೆಂಟು ರೂಪಾಯಿ. ಉದ್ರಿ ಇಲ್ಲ.

ಆ ಬಿ ಬದಿ!
ನೆಟ್ಟಗೆ ಎಂಟರಲ್ಲಿ ನಡೆಯುತ್ತ ಬಂದದ್ದು
ಏಕಾಏಕಿ ಏಳಕ್ಕೆ ತಿರುಗುತ್ತಿತ್ತು.
ತಕಿಟ ತಕದಿಮಿ, ತಕಿಟ ತಕದಿಮಿ,
ಹನ್ನೊಂದು ನಿಮಿಷ ಅದೇ ಏಳು,
ಕೂದಲಷ್ಟೂ ಆಚೀಚೆ ಇಲ್ಲ.
ಮನುಷ್ಯರು ಹೀಗೆ ಬಾರಿಸಬಲ್ಲರೇ ಎಂದು
ಬೈತಖೋಲದ ಐಸ್ ಫ್ಯಾಕ್ಟರಿಯ ರಾತ್ರಿಪಾಳಿಯಲ್ಲಿ
ಹಿಮದ ಗಡ್ಡೆಗಳ ನಡುವೆ ನಾವು ಮೂವರು ಬೆವರಿದೆವು.

ಕಲಿಯಲೇಬೇಕಿತ್ತು.
ಉಲ್ಲಾಸ ಬಾನಾವಳಿ ಮೀನಿನ ಕ್ರೇಟು ಬೋರಲು ಹಾಕಿದ,
ಜುಜೆ ಇಗರ್ಜಿಯ ಹಾರ್ಮೋನಿಯಂ ಬೇಡಿ ತಂದ,
ನನ್ನದು ಐದೇ ತಂತಿ ಉಳಿದ ಗಿಟಾರು.
ಐಸ್ ಅರೆಯುವ ಯಂತ್ರ ನಾಲ್ಕರಲ್ಲಿ ಕುಟ್ಟುವುದು, ನಾವು ಏಳರಲ್ಲಿ;
ಇಪ್ಪತ್ತೆಂಟಕ್ಕೊಮ್ಮೆ ಇಬ್ಬರೂ ಒಂದೇ ಮೆಟ್ಟಿಲಿಗೆ ಕಾಲಿಟ್ಟಾಗ
ಬೋಟಿನವರೂ ಬಲೆ ಬಿಟ್ಟು ತಲೆಯೆತ್ತುತ್ತಿದ್ದರು.
ಎರಡು ಮಳೆಗಾಲ ಹಿಡಿಯಿತು.
ಮೊದಲು ಉಲ್ಲಾಸನ ಮಣಿಕಟ್ಟು ಊದಿತು, ಆಮೇಲೆ ಊತ ಇಳಿಯಿತು,
ಆಮೇಲೆ ಎಣಿಸುವುದೇ ನಿಂತಿತು.
ಜುಜೆ ತನ್ನ ಮದುವೆಯಲ್ಲಿ ಏಳಕ್ಕೇ ಕುಣಿದು
ಹೆಂಡತಿಯ ಕಾಲು ತುಳಿದ.

ಒಮ್ಮೆ ಮಾತ್ರ ಜನರ ಮುಂದೆ ಬಾರಿಸಿದೆವು,
ಬಂದರಿನ ಕ್ರಿಕೆಟ್ ಪಂದ್ಯದ ಬಹುಮಾನದ ರಾತ್ರಿ.
ಆರನೇ ನಿಮಿಷಕ್ಕೆ ಹಿಂದಿನಿಂದ ಒಬ್ಬ ಕೂಗಿದ:
‘ಸಿಕ್ಕಿಕೊಂಡಿದೆ, ಯಾರಾದರೂ ಒಂಚೂರು ದೂಡಿ!’
ಆ ಅಜ್ಞಾನಿಗೆ ನಾವು ಹತ್ತು ವರ್ಷ ಬೈದೆವು.

ಹಳೆ ಸೇತುವೆ ಕಾಳಿಗೆ ಬಿದ್ದ ಮರುವರ್ಷ
ಜುಜೆಯ ಕಿರಿಮಗಳು ಹೊದಿಕೆಯ ಫೋಟೋ ತೆಗೆದು
ಎಲ್ಲಿಂದಲೋ ಫೋನಿಗೆ ಇಳಿಸಿದಳು, ಅದನ್ನೇ,
ಗೀರಿಲ್ಲದ್ದು, ಧೂಳಿಲ್ಲದ್ದು.
ಬಿ ಬದಿ. ಎಂಟು. ಎಂಟು. ಎಂಟು. ಮುಗಿಯಿತು.
ಏಳು ಇಲ್ಲವೇ ಇಲ್ಲ.
ಅರವತ್ತರ ಮೂವರು ಗಂಡಸರು
ಕೊನೆ ಬಸ್ಸು ತಪ್ಪಿದವರ ಹಾಗೆ ಮುಖ ಮುಖ ನೋಡಿಕೊಂಡೆವು.

ಮಿಂಗೆಲನಿಗೀಗ ಎಂಬತ್ತಮೂರು, ಕೇಳುವ ಕಿವಿ ಒಂದೇ.
ಆ ಕಿವಿಗೆ ಹೇಳಿದೆವು. ಕೆಮ್ಮುವವರೆಗೆ ನಕ್ಕ.
‘ಸೂಜಿ ಮಾರಾಯ. ಒಂದೇ ಗೆರೆಯಲ್ಲಿ ಸುತ್ತುತ್ತಿತ್ತು.
ರೆಕಾರ್ಡಿಂಗಿಗೆ ಹಾಕಿ ನಾನು ತಾರ್ಲಿ ತರಲು ಹೋಗಿದ್ದೆ.
ಎರಡು ರೂಪಾಯಿಗೆ ಏಳು ಅಂದಳು ಅವಳು,
ನಾನು ಎಂಟು ಅಂದೆ.’

ಹಾಗಾದರೆ ನಾವು ಕಲಿತದ್ದು ಯಾರದು?
ಅಂಚೆಯವನದಲ್ಲ, ಹಲ್ಲಿನ ಡಾಕ್ಟರನದಲ್ಲ.
ತಟ್ಟೆ ಒಂದು ಸುತ್ತು ಬರುವುದರೊಳಗೆ
ಹಿಡಿಸಿದಷ್ಟು ಪೆಟ್ಟು, ಅಷ್ಟೇ.
ಉಲ್ಲಾಸ ಮಣಿಕಟ್ಟು ತಿಕ್ಕುತ್ತ ಕೂತಿದ್ದ.

ಹೊರಡಲು ಏಳುವಾಗ ಮಿಂಗೆಲ ತೋಳು ಹಿಡಿದ.
‘ಮೀನಿಗೆ ಹನ್ನೊಂದು ನಿಮಿಷವೆಲ್ಲ ಬೇಕಿರಲಿಲ್ಲ.
ಐದಕ್ಕೇ ವಾಪಸು ಬಂದಿದ್ದೆ.
ಬಾಗಿಲಲ್ಲೇ ನಿಂತೆ. ಚೀಲ ತೊಟ್ಟಿಕ್ಕುತ್ತಿತ್ತು.
ಸೂಜಿ ಎತ್ತಲಿಕ್ಕೆ ಮನಸ್ಸೇ ಆಗಲಿಲ್ಲ ನೋಡು.
ಬೆಕ್ಕು ಬಂದು ಎಂಟರಲ್ಲಿ ಒಂದನ್ನು ಎಳಕೊಂಡು ಹೋಯಿತು.
ಹೋಗಲಿ ಅಂತ ಬಿಟ್ಟೆ.’